ಗಿಳಿಕಂಬದ ಕೆಲಸ

ಗೊಂಬೆ ಮಾಡುವವನಿಗೆ ಮನೆ ಕಟ್ಟುವವರ ನಡುವೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ಆಗೆಲ್ಲ ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಬರುತ್ತಿತ್ತು. ಈಗ ಬರುವುದಿಲ್ಲ. ಕೇಳಿದವರು ಸರಿಯಾಗಿಯೇ ಕೇಳಿದ್ದರು.

ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲ. ಮಾಘ ಮಾಸ ಮುಗಿಯುತ್ತ ಬಂದಿತ್ತು. ಯಲಬುರ್ಗಾದಿಂದ ಒಂದು ಚಕ್ಕಡಿ ಕಿನ್ನಾಳಕ್ಕೆ ಬಂದು ನಮ್ಮ ಮನೆ ಮುಂದೆ ನಿಂತಿತು. ಬಂದ ಆಳು ಹೇಳಿದ್ದು ಇಷ್ಟು: ಹತ್ತಿ ವ್ಯಾಪಾರದ ಸಾಹುಕಾರರ ಮನೆಗೆ ಬೆಂಕಿ ಬಿದ್ದಿದೆ, ಗಿಳಿಕಂಬಕ್ಕೆ ಕಾವು ತಾಗಿದೆ, ಅದನ್ನು ಮಾಡಿದವರ ಮನೆಯವರೇ ಬಂದು ನೋಡಬೇಕೆಂದು ಹಿರಿಯಮ್ಮ ಹೇಳಿ ಕಳಿಸಿದ್ದಾರೆ. ಆ ಕಂಬವನ್ನು ಮಾಡಿದವರು ನಮ್ಮ ಅಜ್ಜ. ಒಂದೇ ಸಾಗವಾನಿ ದಿಮ್ಮಿಯಲ್ಲಿ ಕಂಬ, ಅದರ ನೆತ್ತಿಯಲ್ಲಿ ತೊಲೆ ಹೊರುವ ಬೋದಿಗೆ, ಬೋದಿಗೆಯ ನಾಲ್ಕು ಮೂಲೆಗೆ ನಾಲ್ಕು ಗಿಳಿ. ಅಜ್ಜನ ಕೈಕೆಲಸದಲ್ಲಿ ಮನೆತನಕ್ಕೆ ಹೇಳಿಕೊಳ್ಳಲು ಉಳಿದಿದ್ದು ಅದೊಂದೇ. ಮಿಕ್ಕ ಗೊಂಬೆಗಳೆಲ್ಲ ಮಕ್ಕಳ ಕೈಗೆ ಸಿಕ್ಕು ಎಂದೋ ಮಣ್ಣುಪಾಲಾಗಿದ್ದವು.

ಹುಣಸೆ ಬೀಜದ ಹಿಟ್ಟು, ಬಣ್ಣದ ಕರಡಿಗೆಗಳು, ತವರದ ತಗಡಿನ ಪುಡಿಕೆ, ಸಣ್ಣ ಉಳಿಗಳು, ಇಷ್ಟನ್ನು ಗಂಟು ಕಟ್ಟಿ ಅದೇ ಚಕ್ಕಡಿ ಹತ್ತಿದೆ. ದಾರಿಯುದ್ದಕ್ಕೂ ಆ ಆಳು ಬೆಂಕಿಯ ಕಥೆ ಹೇಳಿದ. ಗಿಳಿಕಂಬವಿದ್ದ ಪಡಸಾಲೆಯಲ್ಲಿ ಹೊಸ ಹತ್ತಿಯನ್ನು ಎದೆಮಟ್ಟ ಒಟ್ಟಿದ್ದರಂತೆ. ಮಟಮಟ ಮಧ್ಯಾಹ್ನ, ಹತ್ತಿ ಸುರಿಯಲು ಬಂದವರಲ್ಲಿ ಯಾರೋ ಬೀಡಿ ಎಸೆದಿರಬೇಕು. ನೀರು ಸಾಲದಾದಾಗ ಓಣಿಯ ಜನ ಮಾಳಿಗೆ ಹತ್ತಿ, ಮೇಲಿನ ಮಣ್ಣನ್ನೇ ಸನಿಕೆಯಿಂದ ಕೆದರಿ, ಬೆಳಕಿಂಡಿಯೊಳಗಿಂದ ಬುಟ್ಟಿಬುಟ್ಟಿ ಸುರಿದು ಬೆಂಕಿ ನಂದಿಸಿದರು. ಮನೆ ಉಳಿದದ್ದು ಮಣ್ಣಿನಿಂದ. ಆದರೆ ಹತ್ತಿ ದಡಕ್ಕನೆ ಉರಿದು ಆರುವ ವಸ್ತುವಲ್ಲ. ಮಣ್ಣಿನ ಕೆಳಗೆ ಇನ್ನೂ ನಾಲ್ಕು ದಿನ ಒಳಗೊಳಗೇ ಕಾಯುತ್ತ ಇತ್ತಂತೆ. ಇದನ್ನು ನಾನು ಕೇಳಿದೆ, ಹೂಂಗುಟ್ಟಿದೆ, ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಮನೆಯ ಯಜಮಾನರು ಮಾತು ಕಡಿಮೆಯ ಮನುಷ್ಯ. ಅವರ ತಾಯಿಯನ್ನೇ ಎಲ್ಲರೂ ಹಿರಿಯಮ್ಮ ಎನ್ನುತ್ತಿದ್ದರು. ಯಜಮಾನರ ಒಬ್ಬಳೇ ಮಗಳ ಮದುವೆ ಕುಷ್ಟಗಿಯ ಕಡೆಗೆ ಗೊತ್ತಾಗಿತ್ತು, ಅಕ್ಷಯ ತದಿಗೆ ಆದ ಮೇಲಿನ ಸೋಮವಾರಕ್ಕೆ. ಬೆಂಕಿಯ ಸುದ್ದಿ ಮುಟ್ಟಿದ ಕೂಡಲೇ ಬೀಗರ ಕಡೆಯ ಇಬ್ಬರು ಹಿರಿಯರು ಬಂದು ಮಸಿ ಹಿಡಿದ ಗೋಡೆಗಳನ್ನು ನೋಡಿ, ಮದುವೆ ಹೆಣ್ಣಿನ ಮನೆಯಲ್ಲೇ ಆಗಬೇಕು, ಅಷ್ಟರಲ್ಲಿ ಮನೆ ಮನೆಯಂತಾದರೆ ಸರಿ, ಇಲ್ಲವಾದರೆ ಮುಂದಿನದು ಮುಂದೆ ಎಂದು ಹೇಳಿ ಹೋಗಿದ್ದರು. ಮುಂದಿನದು ಮುಂದೆ ಎಂದರೆ ಏನೆಂದು ಎಲ್ಲರಿಗೂ ತಿಳಿದಿತ್ತು. ಸುಟ್ಟ ಮನೆಯ ಹೆಣ್ಣು ಎಂಬ ಮಾತು ಒಮ್ಮೆ ಎದ್ದರೆ ಅದನ್ನು ಮಲಗಿಸುವುದು ಯಾರಿಂದಲೂ ಆಗದು.

ಮನೆಯ ಕೆಲಸ ಹಿಡಿದವರು ಕೊಪ್ಪಳದ ಒಬ್ಬ ಮಿಸ್ತ್ರಿ. ಅರವತ್ತರ ಹತ್ತಿರದ ವಯಸ್ಸು, ಬಿಳಿ ಗಡ್ಡ, ತೋಳು ಮಾತ್ರ ಹರೆಯದವನವು. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ, ಅವರು ನನ್ನನ್ನು ಚಿತ್ರಗಾರ ಎನ್ನುತ್ತಿದ್ದರು. ಮೊದಲ ದಿನವೇ ನನ್ನ ಗಂಟು ಬಿಚ್ಚಿ ಬಣ್ಣದ ಕರಡಿಗೆಗಳನ್ನು ಒಂದೊಂದಾಗಿ ಮೂಸಿ, ಗೊಂಬಿ ಮಾಡಾಂವ ನೀನು, ಇದರಾಗ ಯಾವುದರಿಂದ ಮಾಳಿಗೆ ಹೊರಸ್ತಿಯಪ್ಪ ಎಂದು ಕೇಳಿದರು. ಆಳುಗಳೆಲ್ಲ ನಕ್ಕರು. ನಾನೂ ನಕ್ಕೆ, ಆದರೆ ಆ ಮಾತು ಒಳಗೆ ಮುಳ್ಳಿನಂತೆ ಉಳಿಯಿತು. ನಲವತ್ತು ವರ್ಷ ತಗಡು ಬಡಿಯುವವರ ಅಂಗಡಿಯ ಪಕ್ಕದಲ್ಲಿ ಕೂತು ಕೆಲಸ ಮಾಡಿದ್ದರಿಂದ ಚಾಚಾರ ಎರಡೂ ಕಿವಿ ಮಂದ. ಮುಖ ನೋಡಿ ಗಟ್ಟಿಯಾಗಿ ಹೇಳಿದರೆ ಮಾತ್ರ ಕೇಳುತ್ತಿತ್ತು. ನಾನು ಸಿಟ್ಟು ಬಂದಾಗ ಮೆಲ್ಲಗೆ ಬೈಯುತ್ತಿದ್ದೆ, ಅವರು ಚೆನ್ನಾಗಿ ಕೇಳಿದವರಂತೆ ತಲೆಯಾಡಿಸುತ್ತಿದ್ದರು.

ಮೊದಲ ವಾರ ಬರೀ ಹೊರಹಾಕುವ ಕೆಲಸ. ಹತ್ತಿಯ ಬೂದಿ, ಸುಟ್ಟ ಜಂತಿಗಳು, ಒಳಗೆ ಸುರಿದ ಮಣ್ಣು. ಆ ಮಣ್ಣನ್ನು ಮತ್ತೆ ಮಾಳಿಗೆಗೆ ಹಾಕಬಾರದೆಂದು ಚಾಚಾ ಹಟ ಹಿಡಿದರು. ಬೆಂದ ಮಣ್ಣು ನೀರು ಕುಡಿಯುತ್ತದೆ, ತಡೆಯುವುದಿಲ್ಲ. ಹಳ್ಳದ ದಂಡೆಯಿಂದ ಹೊಸ ಸವಳು ಮಣ್ಣು ತರಿಸಿದರು. ಆಮೇಲೆ ಒಂದೊಂದೇ ಮರದ ಪರೀಕ್ಷೆ. ಅವರ ಕ್ರಮ ಹೀಗಿತ್ತು: ಬಾಚಿಯಿಂದ ಇದ್ದಿಲು ಹೆರೆಯುವುದು, ಬಿಳಿ ಮರ ಕಾಣುವತನಕ. ದಬ್ಬಣ ಚುಚ್ಚಿ ನೋಡುವುದು. ಕಡೆಗೆ ಒಂದು ಬದಿಯಲ್ಲಿ ಕೊಡತಿಯಿಂದ ಬಡಿದು ಇನ್ನೊಂದು ಬದಿಯಲ್ಲಿ ಕಿವಿ ಹಚ್ಚುವುದು. ಗಟ್ಟಿ ಮರ ಒಂದು ಸದ್ದು ಕೊಡುತ್ತದೆ, ಒಳಗೆ ಸತ್ತ ಮರ ಇನ್ನೊಂದು. ಮೊದಲು ಕಿವಿ ಹಚ್ಚುವ ಕೆಲಸ ಅವರ ಮಗನದಾಗಿತ್ತು. ಮಗ ಫೌಜಿಗೆ ಸೇರಿ ಎಲ್ಲೋ ಮೂಡಣ ದಿಕ್ಕಿಗೆ ಹೋಗಿದ್ದ. ಹಾಗಾಗಿ ಆ ಮನೆಯಲ್ಲಿ ಅವರ ಕಿವಿ ನಾನಾದೆ.

ಹದಿನಾಲ್ಕು ಜಂತಿ, ಎರಡು ತೊಲೆ ಬಡಿದೆವು. ನಾನು ಕಿವಿ ಹಚ್ಚಿ, ಇದು ಗಟ್ಟಿ, ಇದು ಪೊಳ್ಳು ಎಂದು ಕೂಗಿ ಹೇಳುತ್ತಿದ್ದೆ. ಪೊಳ್ಳು ಎಂದದ್ದಕ್ಕೆ ಚಾಚಾ ಸುಣ್ಣದ ಗೆರೆ ಎಳೆಯುತ್ತಿದ್ದರು, ಆಳುಗಳು ಇಳಿಸುತ್ತಿದ್ದರು. ಒಂದು ಸಲವೂ ಅವರು ನನ್ನ ಮಾತಿಗೆ ಮರುಪ್ರಶ್ನೆ ಕೇಳಲಿಲ್ಲ. ಮೂರನೆಯ ದಿನ ಊಟದ ಹೊತ್ತಿಗೆ ತಮ್ಮ ರೊಟ್ಟಿಯ ಮೇಲಿನ ಪುಂಡಿಪಲ್ಲೆ ನನಗೆ ಬಡಿಸಿ, ನಿನ್ನ ಕಿವಿ ನನ್ನ ಮಗನ ಕಿವಿಗಿಂತ ಪಾಡ ಅದಾವ ಎಂದರು. ಗೊಂಬೆಯ ಮಾತನ್ನು ನಾನು ಅವತ್ತಿಗೆ ಮರೆತೆ.

ಹೊಸ ಜಂತಿಗೆ ಸಾಹುಕಾರರ ಹೊಲದ ಬೇವು ಸಾಕಾಯಿತು. ಒಂದು ತೊಲೆ ಮಾತ್ರ ಅರ್ಧ ಸುಟ್ಟಿತ್ತು, ಅದಕ್ಕೆ ಸಾಗವಾನಿಯೇ ಬೇಕು. ಯುದ್ಧದ ದೆಸೆಯಿಂದ ಒಳ್ಳೆಯ ಮರವೆಲ್ಲ ಸರ್ಕಾರದ ಪಾಲು. ಪರವಾನಿಗೆಗೆ ಯಜಮಾನರು ಕಚೇರಿಗೆ ಅಲೆದು ಅಲೆದು ಚಪ್ಪಲಿ ಸವೆಸಿದರು. ಕಡೆಗೆ ಚಾಚಾ ಗಂಗಾವತಿಯಲ್ಲಿ ಕೆಡವುತ್ತಿದ್ದ ಒಂದು ಹಳೆಯ ವಾಡೆಯ ಸುಳಿವು ತಂದರು. ಅಲ್ಲಿ ನಮಗೆ ಬೇಕಾದ ತೊಲೆಯೂ ಇತ್ತು, ಸುತ್ತಳತೆ ಸರಿಹೊಂದುವ ಒಂದು ಕಂಬವೂ ಇತ್ತು. ಎರಡೂ ತರಿಸೋಣ, ಗಿಳಿಕಂಬದ ಬುಡದ ಮೇಲೆ ನನಗೆ ಭರವಸೆ ಇಲ್ಲ ಎಂದು ಅವರು ಯಜಮಾನರಿಗೆ ಹೇಳಿದಾಗ ಹಿರಿಯಮ್ಮ ಒಳಗಿನಿಂದ ಎದ್ದು ಬಂದರು.

ಆ ಮನೆಯಲ್ಲಿ ಒಂದು ಪದ್ಧತಿ. ಮನೆಯ ಹೆಣ್ಣುಮಕ್ಕಳು ಮದುವೆಯಾಗಿ ಗಂಡನ ಮನೆಗೆ ಹೊರಡುವಾಗ, ಅರಿಶಿನ ಸುಣ್ಣ ಕಲಸಿದ ಕೆಂಪಿನಲ್ಲಿ ಅಂಗೈ ಅದ್ದಿ ಗಿಳಿಕಂಬಕ್ಕೆ ಒತ್ತಿ ಹೋಗುತ್ತಿದ್ದರು. ಮದುವೆ ಮುಗಿದ ಮೇಲೆ ಕಿನ್ನಾಳದಿಂದ ನಮ್ಮ ಮನೆಯವರು ಯಾರಾದರೂ ಬಂದು ಆ ಗುರುತಿನ ಮೇಲೆ ಮೆರುಗೆಣ್ಣೆ ಬಳಿಯುವುದು, ಅದು ಮಾಸದಿರಲಿ ಎಂದು. ಕಂಬದ ಮೇಲೆ ಏಳು ಕೈಗಳಿದ್ದವು. ಏಳನೆಯದು ಹಿರಿಯಮ್ಮನ ಮಗಳದು. ಆಕೆ ಮದುವೆಯಾದ ಮರುವರ್ಷ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಆ ಕೈಗೆ ಮೆರುಗು ಹಾಕಿದವರು ನಮ್ಮ ಅಪ್ಪ.

"ಮನಿ ಏನರ ಮಾಡ್ರಿ, ಆ ಕಂಬ ಮಾತ್ರ ಮುಟ್ಟಬ್ಯಾಡ್ರಿ," ಅಂದರು ಹಿರಿಯಮ್ಮ. "ನನ್ನ ಮಗಳ ಕೈ ಐತಿ ಅಲ್ಲಿ. ಮೊಮ್ಮಗಳು ಅದರ ಬಾಜೂಕಽ ಕೈ ಒತ್ತಿ ಹೋಗ್ಲಿ. ಅಷ್ಟ ನೋಡಿ ನಾ ಕಣ್ಣ ಮುಚ್ಚತೀನಿ."

ಚಾಚಾ ಅವರಿಗೆ ಸಮಾಧಾನವಾಗಿ ತಿಳಿಸಿ ಹೇಳಿದರು. ಕೈಗುರುತಿರುವ ಭಾಗವನ್ನು ಹಲಗೆಯಾಗಿ ಸೀಳಿ ತೆಗೆಯಬಹುದು, ಗಿಳಿಗಳನ್ನು ಕೊಯ್ದು ಹೊಸ ಕಂಬದ ಬೋದಿಗೆಗೆ ಕೂಡಿಸಬಹುದು, ಹದಿನೈದು ದಿನದ ಕೆಲಸ, ಮದುವೆಗೆ ಮುಂಚೆ ಮುಗಿಯುತ್ತದೆ. ಅಜ್ಜನ ಗಿಳಿಗೆ ಗರಗಸ ಹಾಕುವ ಮಾತು ಕೇಳಿ ನನಗೆ ಮೈಯೆಲ್ಲ ಉರಿಯಿತು. ಅದನ್ನು ಮುಟ್ಟುವುದಾದರೆ ನನ್ನನ್ನು ಕೇಳಿ ಮುಟ್ಟಬೇಕು ಎಂದೆ. ಚಾಚಾ ಜಗಳ ಬೇಡ, ಬಡಿದೇ ನೋಡೋಣ, ಮರ ಏನು ಹೇಳುತ್ತದೋ ಹಾಗೆ ಮಾಡೋಣ ಎಂದು ಕೊಡತಿ ಎತ್ತಿಕೊಂಡರು.

ಅವರು ಬುಡದಲ್ಲಿ ಗೋಡೆಯ ಕಡೆ ನಿಂತು ಬಡಿದರು. ನಾನು ಈಚೆ ಮಂಡಿಯೂರಿ ಕಿವಿ ಹಚ್ಚಿದೆ. ಮೊದಲ ಏಟಿಗೇ ತಿಳಿಯಿತು. ಖಾಲಿ ಕೊಡದ ಸದ್ದು. ಅವರು ಒಂದು ಗೇಣು ಮೇಲೆ ಬಡಿದರು, ಅಲ್ಲೂ ಅದೇ. ಇನ್ನೊಂದು ಗೇಣು ಮೇಲೆ, ಅಲ್ಲಿ ಸ್ವಲ್ಪ ಗಟ್ಟಿ. ಹಿರಿಯಮ್ಮ ಬಾಗಿಲ ಚೌಕಟ್ಟು ಹಿಡಿದು ನನ್ನನ್ನೇ ನೋಡುತ್ತಿದ್ದರು. ನನ್ನ ತಲೆಯ ನೇರಕ್ಕೆ ಮೇಲೆ ಅಜ್ಜನ ಗಿಳಿಗಳು ಮಸಿ ಹಿಡಿದು ಕೂತಿದ್ದವು.

"ಏನ್ ಹೇಳ್ತೈತಿ?" ಅಂದರು ಚಾಚಾ.

"ಗಟ್ಟಿ ಐತಿ ಚಾಚಾ," ಅಂದೆ. ಅವರಿಗೆ ಕೇಳುವಷ್ಟು ಗಟ್ಟಿಯಾಗಿಯೇ ಅಂದೆ.

ಅವರು ಕೊಡತಿಯನ್ನು ಕೆಳಗಿಟ್ಟರು. ಒಂದು ತೊಲೆ ಮಾತ್ರ ಸಾಕು ಎಂದು ಯಜಮಾನರಿಗೆ ಹೇಳಿದರು. ಹಿರಿಯಮ್ಮ ಬಂದು ನನ್ನ ತಲೆಯ ಮೇಲೆ ಕೈಯಿಟ್ಟು, ನಿಮ್ಮಪ್ಪನಂಗಽ ಅದೀ ನೋಡು ನೀನು ಎಂದರು. ಆಗ ನನಗೆ ತಪ್ಪು ಮಾಡಿದೆ ಅನ್ನಿಸಲಿಲ್ಲ. ಒಂದೆರಡು ಗೇಣಿನ ಪೊಳ್ಳು, ಒಳಗೊಂದಿಷ್ಟು ಕಿಟ್ಟ ತುಂಬಿದರೆ ಮುಗಿಯಿತು ಎಂದುಕೊಂಡೆ. ಕಿಟ್ಟ ಎಂದರೆ ನಮ್ಮ ಕಸುಬಿನ ಜೀವಾಳ: ಮರದ ಹೊಟ್ಟು, ಅರೆದ ಗೋಣಿ ನಾರು, ಹುಣಸೆ ಬೀಜದ ಗಂಜಿ ಮೂರನ್ನೂ ಕುಟ್ಟಿ ಮಾಡುವ ಮೆತ್ತನೆಯ ಹಿಟ್ಟು. ಗೊಂಬೆಯ ಕೈಕಾಲು ಜೋಡಿಸುವುದು ಅದರಿಂದಲೇ, ಬಿರುಕು ಮುಚ್ಚುವುದು ಅದರಿಂದಲೇ. ಒಣಗಿದ ಮೇಲೆ ಉಜ್ಜಿ ಬಣ್ಣ ಕೊಟ್ಟರೆ ಎಲ್ಲಿ ಮರ ಮುಗಿದು ಎಲ್ಲಿ ಕಿಟ್ಟ ಶುರುವಾಯಿತೆಂದು ಮಾಡಿದವನಿಗೂ ಗೊತ್ತಾಗದು. ಅದು ಹೊರುವ ವಸ್ತುವಲ್ಲ, ಮುಚ್ಚುವ ವಸ್ತು. ಅಷ್ಟು ಸಣ್ಣ ಮಾತು ನನಗೆ ತಿಳಿದಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಅದೇ ಸಂಜೆ ಕಂಬದ ಬುಡಕ್ಕೆ ಮೆತ್ತಿದ್ದ ಮಸಿ ಮಣ್ಣು ಕೆದರಿ ನೋಡಿದೆ. ಗೋಡೆಯ ಕಡೆಗೆ ಹಳೆಯ ಸೀಳೊಂದು ಇತ್ತು. ಹತ್ತಿಯ ಕಾವು ಆ ಸೀಳಿನೊಳಗೆ ನುಗ್ಗಿ, ನಾಲ್ಕು ದಿನ ಒಳಗೊಳಗೇ ಮೇಲಕ್ಕೆ ತಿಂದುಕೊಂಡು ಹೋಗಿತ್ತು. ಕಬ್ಬಿಣದ ಸಲಾಕೆ ಹಾಕಿದೆ. ಗೇಣು ಹೋಯಿತು, ಮೊಳ ಹೋಯಿತು. ಸೀಳಿನ ಸುಟ್ಟ ಅಂಚು ಕೆತ್ತಿ ಕೈ ಹಾಕಿದೆ, ತೋಳು ಕಂಕುಳತನಕ ಒಳಗೆ ಹೋದರೂ ತುದಿ ಸಿಗಲಿಲ್ಲ. ಕೈ ಹೊರಗೆ ತೆಗೆದಾಗ ಕರಿ ಪುಡಿ ಬುಳುಬುಳು ಸುರಿಯಿತು. ಕಂಬ ಹೊರಗಿನ ಮೂರು ಬೆರಳು ದಪ್ಪದ ಚಿಪ್ಪಿನ ಮೇಲೆ ನಿಂತಿತ್ತು.

ಗಂಗಾವತಿಗೆ ಹೋಗುವ ಚಕ್ಕಡಿ ಅಂಗಳದಲ್ಲೇ ಇತ್ತು. ಎತ್ತುಗಳಿಗೆ ಮೇವು ಹಾಕಿದ್ದರು, ಬೆಳಗ್ಗೆ ಹೊರಡುವುದಿತ್ತು. ಹತ್ತು ಹೆಜ್ಜೆ ನಡೆದು ಹೋಗಿ, ಚಾಚಾ, ನನ್ನ ಕಿವಿ ತಪ್ಪಿತು, ಆ ಕಂಬವನ್ನೂ ತನ್ನಿ ಎಂದು ಹೇಳಿದ್ದರೆ ಆಗುತ್ತಿತ್ತು. ತಪ್ಪಿತು ಎನ್ನಲು ನನ್ನ ಜಂಬ ಬಿಡಲಿಲ್ಲ. ಗೊಂಬೆಯವನ ಕಿವಿ ಎಂದು ಮತ್ತೆ ಎಲ್ಲರೂ ನಗುತ್ತಾರೆ ಎಂದು ಅನ್ನಿಸಿತು, ಇಷ್ಟು ಕೀಳಾದ ಕಾರಣಕ್ಕೆ ಸುಮ್ಮನಿದ್ದೆ. ಬೆಳಗ್ಗೆ ಚಾಚಾ ಚಕ್ಕಡಿ ಹತ್ತಿ ಹೋದರು. ಐದು ದಿನಕ್ಕೆ ಒಂದು ತೊಲೆ ತಂದರು. ಆ ಕಂಬವನ್ನು ಕನಕಗಿರಿಯ ಕಡೆಯವರು ಯಾರೋ ಒಯ್ದರಂತೆ.

ಅವರು ಬರುವುದರೊಳಗೆ ನಾನು ನನ್ನ ಕೆಲಸ ಮುಗಿಸಿಟ್ಟಿದ್ದೆ. ಗೊಂಬೆಗೆ ಬಳಸುವ ಪೊಳಕಿ ಮರದ ತುಂಡುಗಳನ್ನು ಪೊಳ್ಳಿನೊಳಗೆ ತುರುಕಿ, ಸುತ್ತಲೂ ಕಿಟ್ಟ ಜಡಿದೆ. ಪೊಳಕಿ ಎಷ್ಟು ಹಗುರವೆಂದರೆ ನೀರಲ್ಲಿ ತೇಲಾಡುತ್ತದೆ. ಒಣಗಲು ಬಿಟ್ಟು, ಮತ್ತೆ ಜಡಿದು, ಮತ್ತೆ ಒಣಗಿಸಿ ಬೆಣಚುಕಲ್ಲಿನ ಪುಡಿಯ ಲೇಪ ಕೊಟ್ಟು ಉಜ್ಜಿ ಬಣ್ಣ ಹಚ್ಚಿದೆ. ಸೀಳು ಮಾಯವಾಯಿತು. ಆಮೇಲೆ ಮೇಲ್ಭಾಗ ಹಿಡಿದೆ. ಮಸಿ ತೆಗೆಯಲು ನೀರು ಮುಟ್ಟಿಸಬಾರದು, ಬಣ್ಣ ಕಿತ್ತು ಬರುತ್ತದೆ. ಜೋಳದ ಹಿಟ್ಟನ್ನು ರೊಟ್ಟಿಗೆ ನಾದಿದ ಹಾಗೆ ನಾದಿ, ಉಂಡೆ ಮಾಡಿ ಮೆಲ್ಲಗೆ ಒತ್ತಿ ಒತ್ತಿ ತೆಗೆಯಬೇಕು, ಉಂಡೆ ಕಪ್ಪಾದ ಹಾಗೆ ಹೊಸದು ಹಿಡಿಯಬೇಕು. ಮದುವೆಯ ಹುಡುಗಿಯೇ ಕೂತು ಹಿಟ್ಟು ನಾದಿಕೊಟ್ಟಳು. ಎರಡು ದಿನದ ಮೇಲೆ ಏಳು ಕೈಗಳೂ ಎದ್ದು ಬಂದವು. ಹಿರಿಯಮ್ಮ ಏಳನೆಯ ಕೈಯ ಮೇಲೆ ತಮ್ಮ ಕೈಯಿಟ್ಟು ನಿಂತುಬಿಟ್ಟರು. ಹುಡುಗಿ ಅಳುತ್ತಿದ್ದಳು. ಆ ಗಳಿಗೆಯಲ್ಲಿ ನಾನು ಮಾಡಿದ್ದೇ ಸರಿ ಎಂದು ಪೂರಾ ನಂಬಿದ್ದೆ.

ಗಂಗಾವತಿಯಿಂದ ಬಂದ ಚಾಚಾ ಕಂಬದ ಸುತ್ತ ಒಂದು ಸುತ್ತು ಬಂದರು. ಬುಡಕ್ಕೆ ಅಂಗೈ ಸವರಿದರು, ಕೊಡತಿಯಿಂದ ಒಂದು ಏಟು ಹಾಕಿ ಸವರಿದ ಕೈಯಿಂದಲೇ ಅದುರುವಿಕೆಯನ್ನು ಅಳೆದರು. ಒಳಗೆ ತುಂಬಿದ್ದರಿಂದ ಕಂಬ ಅದುರಲಿಲ್ಲ. ಛಲೋ ಮಾಡೀದಿ ಚಿತ್ರಗಾರ, ಗೊಂಬಿ ಅಂದದ್ದು ಮನಸಿಗೆ ಹಚ್ಕೋಬ್ಯಾಡ ಎಂದು ಹೆಗಲು ತಟ್ಟಿದರು. ಹೊಸ ತೊಲೆ ಏರಿತು, ಜಂತಿ ಕೂತವು, ಮೇಲೆ ಬೇವಿನ ಟೊಂಗೆ, ಅದರ ಮೇಲೆ ಸವಳು ಮಣ್ಣು. ಗೋಡೆಗೆ ಸುಣ್ಣ ಬಿತ್ತು. ಕುಷ್ಟಗಿಯ ಹಿರಿಯರು ಬಂದು ನೋಡಿ, ಕಂಬದ ಎದುರಿಗೇ ಕೂತು ಊಟ ಮಾಡಿ ಹೋದರು. ಮದುವೆ ಆಯಿತು. ಹುಡುಗಿ ಎಂಟನೆಯ ಕೈ ಒತ್ತಿದಳು. ನಾನು ಮೆರುಗೆಣ್ಣೆ ಬಳಿದು ಕಿನ್ನಾಳಕ್ಕೆ ಬಂದೆ.

ಒಂದು ಮಳೆಗಾಲ ಏನೂ ಆಗಲಿಲ್ಲ. ನನ್ನ ಎದೆಯೊಳಗಿನ ಅಳುಕೂ ಕಡಿಮೆಯಾಗುತ್ತ ಬಂತು. ಎರಡನೆಯ ವರ್ಷ ಶ್ರಾವಣದಲ್ಲಿ ಜಡಿಮಳೆ ಹಿಡಿಯಿತು, ಎಂಟು ದಿನ ಬಿಡಲೇ ಇಲ್ಲ. ಒಂಬತ್ತನೆಯ ದಿನ ಯಲಬುರ್ಗಾದ ಅದೇ ಆಳು ತೋಯ್ದು ತೊಪ್ಪೆಯಾಗಿ ಬಂದ. ಬೋದಿಗೆಯ ಹತ್ತಿರ ಬಣ್ಣ ಬಿರಿದಿದೆ, ಪಡಸಾಲೆ ಕಡೆ ಮಾಳಿಗೆ ತುಸು ಬಾಗಿದಂತೆ ಕಾಣುತ್ತದೆ, ಮಿಸ್ತ್ರಿಯನ್ನೂ ಕರೆಸಿದ್ದೇವೆ ಎಂದ.

ನಾನು ಮುಟ್ಟುವ ಹೊತ್ತಿಗೆ ಚಾಚಾ ಬಂದು ಮನೆಯವರನ್ನೆಲ್ಲ ಹೊರಗೆ ಕಳಿಸಿದ್ದರು. ಹಿರಿಯಮ್ಮ ಎದುರು ಮನೆಯ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತಿದ್ದರು. ಒಳಗೆ ಚಾಚಾ ಇಬ್ಬರು ಆಳುಗಳಿಂದ, ತೊಲೆಗೆ ಆನಿಸುವ ಜಾಲಿಯ ಊರುಗೋಲುಗಳನ್ನು ಅಳತೆಗೆ ಕೊಯ್ಯಿಸುತ್ತಿದ್ದರು. ನನ್ನನ್ನು ಕಂಡು ಅವರ ಮುಖ ಅರಳಿತು.

"ಬಾ ಬಾ. ನಾ ತಂದ ತೊಲಿನಽ ಮೋಸ ಮಾಡೇತಿ ನೋಡು," ಅಂದರು. "ಕಂಬ ಗಟ್ಟಿ ಐತಿ ಅಂತ ನೀನಽ ಕೇಳಿ ಹೇಳೀದಿ. ಹಂಗಾದ್ರ ತಪ್ಪು ತೊಲಿ ಕೂಡಿಕ್ಯಾಗ ಇರಬೇಕು. ನಂದಽ ತಪ್ಪು."

ಈ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಕಂಬದ ಮೇಲೆ ಅನುಮಾನ ಇದ್ದಿದ್ದರೆ ಅವರು ಅದರ ಹತ್ತಿರಕ್ಕೇ ಹೋಗುತ್ತಿರಲಿಲ್ಲ. ದೂರದಲ್ಲಿ ಎರಡೂ ತೊಲೆಗಳಿಗೆ ಊರುಗೋಲು ಕೊಟ್ಟು, ಭಾರ ಹಂಚಿ, ಆಮೇಲೆ ಕಂಬಕ್ಕೆ ಬರುತ್ತಿದ್ದರು. ಕಂಬ ಗಟ್ಟಿ ಎಂದು ನಂಬಿದ್ದಕ್ಕೆ ಅದಕ್ಕೇ ಏಣಿ ಆನಿಸಿದರು. ಮೇಲೆ ಹತ್ತಿ ತೊಲೆಯೂ ಬೋದಿಗೆಯೂ ಕೂಡುವ ಸಂದಿಯೊಳಗೆ ಬಲಗೈ ಹಾಕಿ ತಡವಿ ನೋಡತೊಡಗಿದರು. ನಾನು ಏಣಿಯ ಬುಡ ಹಿಡಿದು ನಿಂತಿದ್ದೆ. ಬಾಯಿ ತೆರೆದೆ. ಚಾಚಾ ಇಳೀರಿ ಎಂದು ಅಂದೆ. ಕೂಗಿ ಅನ್ನಬೇಕಿತ್ತು. ಕೂಗಿದರೆ ಯಾಕೆ ಎಂದು ಕೇಳುತ್ತಾರೆ, ಯಾಕೆ ಎಂದು ಹೇಳಬೇಕಾಗುತ್ತದೆ, ಆಳುಗಳು ಅಲ್ಲೇ ಇದ್ದಾರೆ ಎಂಬ ಲೆಕ್ಕಾಚಾರ ಆ ಹೊತ್ತಿನಲ್ಲೂ ನನ್ನ ತಲೆಯಲ್ಲಿ ನಡೆದಿತ್ತು. ನಾನು ಅಂದದ್ದು ಮಳೆಯ ಸದ್ದಿನಲ್ಲಿ ನನಗೇ ಸರಿಯಾಗಿ ಕೇಳಲಿಲ್ಲ.

ಕಂಬ ಮುರಿಯಲಿಲ್ಲ, ಕುಸಿಯಿತು. ಬುಡದ ಚಿಪ್ಪು ಸೀಳಿ, ಕಂಬ ತನ್ನೊಳಗೆ ತಾನೇ ಒಂದು ಗೇಣು ಇಳಿಯಿತು. ಬೋದಿಗೆ ಓರೆಯಾಗಿ ತೊಲೆ ಜಾರಿ ಕೂತಿತು. ಚಾಚಾ ಒಂದೇ ಒಂದು ಸಲ ಯಾ ಅಲ್ಲಾ ಎಂದರು. ಆಳುಗಳು ಹಾರೆ ಹಾಕಿ ತೊಲೆ ಎತ್ತಿ ಅವರ ಕೈ ಬಿಡಿಸುವುದರೊಳಗೆ ನಾಲ್ಕು ಬೆರಳು ಹೋಗಿದ್ದವು. ಅವರನ್ನು ಹೊತ್ತುಕೊಂಡು ಹೊರಗೆ ಹೋದ ಮೇಲೆ ನಾನು ಕಂಬದ ಬುಡ ನೋಡಿದೆ. ನಾನು ತುಂಬಿದ್ದ ಕಿಟ್ಟದ ತುಂಬ ಗೆದ್ದಲುಗಳು ಮುಲುಮುಲು ಹರಿದಾಡುತ್ತಿದ್ದವು. ಹುಣಸೆ ಗಂಜಿಯ ರುಚಿಗೆ ಬಂದು, ಅದನ್ನು ಮುಕ್ಕಾಲು ತಿಂದು, ಉಳಿದ ಚಿಪ್ಪನ್ನೂ ತಿಂದಿದ್ದವು. ಬುಡದ ಹೊರಗಿನ ಬಣ್ಣ ಮಾತ್ರ ಎಲ್ಲೂ ಮಾಸಿರಲಿಲ್ಲ.

ಯಜಮಾನರು ಒಳಗೆ ಬಂದು ಬಗ್ಗಿ ನೋಡಿ, ವರಲಿ ಹತ್ತೇತಿ, ಯಾರೇನು ಮಾಡಾಕ ಬರತೈತಿ ಎಂದರು. ನಾನು ಹೌದು ಎಂದು ತಲೆಯಾಡಿಸಿದೆ. ತಲೆಯಾಡಿಸಿ, ಕಿಟ್ಟದ ತುಣುಕುಗಳನ್ನು ಬುಟ್ಟಿಗೆ ಬಳಿದು ಹಳ್ಳಕ್ಕೆ ಹಾಕಿ ಬಂದೆ.

ಕೊಪ್ಪಳದಿಂದ ಬೇರೆ ಬಡಗಿಗಳು ಬಂದು ಬೇರೆ ಕಂಬ ನಿಲ್ಲಿಸಿದರು. ಕೈಗುರುತುಗಳಿದ್ದ ಭಾಗವನ್ನು ಹಲಗೆಯಾಗಿ ಸೀಳಿಸಿ ಹಿರಿಯಮ್ಮ ದೇವರ ಕೋಣೆಯಲ್ಲಿ ಇಟ್ಟುಕೊಂಡರು. ಗಿಳಿಗಳನ್ನು ಗರಗಸದಿಂದ ಕೊಯ್ದು ನನಗೇ ಕೊಟ್ಟು ಕಳಿಸಿದರು. ಚಾಚಾ ಮೊದಲೇ ಹೇಳಿದ್ದು ಇದನ್ನೇ.

ಅವರನ್ನು ನೋಡಲು ಹೋಗಲು ನನಗೆ ಎಂಟು ತಿಂಗಳು ಬೇಕಾಯಿತು. ಹೋದಾಗ ಅವರು ಕೊಪ್ಪಳದ ತಮ್ಮ ಮನೆಯ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದರು. ಬಾಚಿ ಹಿಡಿಯುವ ಕೈ ಮಡಿಲಲ್ಲಿ ಅರಿವೆ ಸುತ್ತಿಕೊಂಡು ಬಿದ್ದಿತ್ತು. ಮಂಡಿಗಳ ನಡುವೆ ಸಿಕ್ಕಿಸಿದ ಬೇವಿನ ಕಡ್ಡಿಯೊಂದನ್ನು ಎಡಗೈಯಲ್ಲಿ ಚಾಕು ಹಿಡಿದು ಹೆರೆಯಲು ಕಲಿಯುತ್ತಿದ್ದರು, ಕಡ್ಡಿ ಜಾರಿ ಜಾರಿ ಬೀಳುತ್ತಿತ್ತು. ಫೌಜಿಗೆ ಹೋದ ಮಗನ ಕಾಗದ ಬಂದು ಬಹಳ ದಿನವಾಗಿತ್ತಂತೆ. ಅವರ ಹೆಂಡತಿ ಚಹಾ ತಂದಿಟ್ಟು ಅಲ್ಲೇ ಬಾಗಿಲಲ್ಲಿ ನಿಂತರು. ಪಕ್ಕದ ಅಂಗಡಿಯಲ್ಲಿ ತಗಡು ಬಡಿಯುತ್ತಿದ್ದರು, ಎದುರಿಗೆ ಇಬ್ಬರು ಹುಣಸೆಕಾಯಿ ತೂಗುತ್ತ ಕೂತಿದ್ದರು.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನು ನಾನು ಹೇಳಿದೆ. ಚಾಚಾ, ಅವತ್ತು ಕಂಬ ಪೊಳ್ಳಿತ್ತು, ನನಗೆ ಕೇಳಿತ್ತು, ನಾನು ಸುಳ್ಳು ಹೇಳಿದೆ. ತಲೆ ತಗ್ಗಿಸಿಕೊಂಡು ಹೇಳಿದೆ.

ಅವರು ಎಡಗೈಯನ್ನು ಕಿವಿಯ ಹಿಂದೆ ಹಿಡಿದು ಮುಂದೆ ಬಾಗಿದರು.

"ಏನಂದಿ? ಗಟ್ಟಿ ಹೇಳು."

ಬಾಗಿಲಲ್ಲಿ ಅವರ ಹೆಂಡತಿ ನನ್ನನ್ನೇ ನೋಡುತ್ತಿದ್ದರು. ತೂಗುತ್ತಿದ್ದವರು ತಕ್ಕಡಿ ನಿಲ್ಲಿಸಿ ಈ ಕಡೆ ತಿರುಗಿದ್ದರು.

"ಆರಾಮ ಅದೀರೇನು ಅಂದೆ ಚಾಚಾ," ಎಂದು ಗಟ್ಟಿಯಾಗಿ ಹೇಳಿದೆ.

"ಹಾಂ, ಆರಾಮ, ಆರಾಮ," ಅಂದರು. ಸ್ವಲ್ಪ ಹೊತ್ತು ಕಡ್ಡಿ ಹೆರೆದರು. ಆಮೇಲೆ ತಲೆ ಎತ್ತದೆ ಕೇಳಿದರು: "ಗಿಳಿ ಉಳದಾವೇನು?"

"ಉಳದಾವ ಚಾಚಾ. ನಮ್ಮ ಮನ್ಯಾಗ ಅದಾವ."

"ಛಲೋ ಆತು," ಅಂದರು. "ಅವನ್ನ ಉಳಸಾಕ ಭಾಳ ಪಾಡು ಬಿದ್ದಿ ನೀನು."

ಅವರು ತೀರಿಕೊಂಡು ಈಗ ಬಹಳ ವರ್ಷಗಳಾದವು. ಗಿಳಿಗಳು ನಮ್ಮ ಪಡಸಾಲೆಯ ಗೂಡಿನಲ್ಲಿವೆ, ನೋಡಲು ಬಂದವರಿಗೆ ಅಜ್ಜನ ಕೆಲಸ ಎಂದು ತೋರಿಸುತ್ತೇನೆ. ನಾನು ಮೊದಲು ಅಂದದ್ದು ಅವರಿಗೆ ಕೇಳಿಸಿತ್ತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಎರಡನೆಯ ಸಲ ಗಟ್ಟಿಯಾಗಿ ಹೇಳಲಿಲ್ಲ, ಅದು ಮಾತ್ರ ಗೊತ್ತು.